ಕೆಟ್ಟ ಟ್ಯಾಂಕನ್ನು ಯಾರ ಕೈಗೆ ಕೊಡೋದು?

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಆನಿಸ್ಟನ್ ಸೇನಾ ಡಿಪೋ ಅಂತ ಒಂದು ಜಾಗ ಇದೆ. ಓಡಿ ಓಡಿ ಸವೆದ ಏಬ್ರಮ್ಸ್ ಟ್ಯಾಂಕುಗಳು ಅಲ್ಲಿಗೆ ಬರುತ್ತವೆ. ಮೊದಲು ತೋಪು ಕೂತಿರುವ ಮೇಲ್ಭಾಗವನ್ನು ಕ್ರೇನಿನಿಂದ ಎತ್ತಿ ಪಕ್ಕಕ್ಕೆ ಇಡುತ್ತಾರೆ. ಆಮೇಲೆ ಎಂಜಿನ್ ಹೊರಗೆ. ಅದು ಲಾರಿಯಲ್ಲಿರುವಂಥ ಡೀಸೆಲ್ ಎಂಜಿನ್ ಅಲ್ಲ, ಹೆಲಿಕಾಪ್ಟರಿನಲ್ಲಿರುವಂಥ ಗ್ಯಾಸ್ ಟರ್ಬೈನ್. ನಂತರ ಚೈನು, ಗಾಲಿ, ಪೈಪು, ವೈರು ಒಂದೊಂದಾಗಿ ಬಿಚ್ಚುತ್ತಾರೆ. ಕೊನೆಗೆ ಉಳಿಯುವುದು ಬರೀ ದಪ್ಪ ಲೋಹದ ತೊಟ್ಟಿ.

ಬಿಚ್ಚಿದ್ದು ಸರ್ಕಾರಿ ನೌಕರರು. ಬಿಡಿಭಾಗಗಳಲ್ಲಿ ಹೆಚ್ಚಿನವನ್ನು ಸರಿ ಮಾಡುವವರೂ ಅವರೇ. ಆದರೆ ವರ್ಷಗಟ್ಟಲೆ ನಡೆದ ಒಂದು ಯೋಜನೆಯಲ್ಲಿ ಆ ಖಾಲಿ ತೊಟ್ಟಿ ಅಲ್ಲಿಂದ ಒಹಾಯೋ ರಾಜ್ಯದ ಲೈಮಾ ಕಾರ್ಖಾನೆಗೆ ಹೋಗುತ್ತಿತ್ತು. ಅಲ್ಲಿ ನೆಲ ಸರ್ಕಾರದ್ದು, ಕಟ್ಟಡ ಸರ್ಕಾರದ್ದು. ಕಾರ್ಖಾನೆ ನಡೆಸುವುದು ಮಾತ್ರ ಜನರಲ್ ಡೈನಮಿಕ್ಸ್ ಅನ್ನುವ ಖಾಸಗಿ ಕಂಪನಿ. ಟ್ಯಾಂಕು ಮತ್ತೆ ಟ್ಯಾಂಕಾಗುತ್ತಿದ್ದದ್ದು ಅಲ್ಲಿ.

ಈಗ ಹೇಳಿ, ಆ ಟ್ಯಾಂಕನ್ನು ರಿಪೇರಿ ಮಾಡಿದ್ದು ಸರ್ಕಾರವೋ ಖಾಸಗಿಯೋ?

ಸೇನೆಯ ಯಂತ್ರಗಳ ರಿಪೇರಿ ಯಾರು ಮಾಡಬೇಕು ಅನ್ನುವ ಜಗಳ ಹಳೆಯದು. ಒಂದು ಕಡೆಯವರು, ಸರ್ಕಾರಿ ವರ್ಕ್‌ಶಾಪು ಅಂದರೆ ನಿಧಾನ, ದುಬಾರಿ, ಕೇಳುವವರಿಲ್ಲ ಅನ್ನುತ್ತಾರೆ. ಇನ್ನೊಂದು ಕಡೆಯವರು, ಯುದ್ಧದ ಸಾಮಾನನ್ನು ಲಾಭಕ್ಕೆ ಕೂತವರ ಕೈಗೆ ಕೊಟ್ಟರೆ ಕುತ್ತಿಗೆ ಕೊಟ್ಟ ಹಾಗೆ ಅನ್ನುತ್ತಾರೆ. ಎರಡಕ್ಕೂ ಸಾಕ್ಷಿ ಇದೆ. ನಾನು ಇಲ್ಲಿ ಹೆಚ್ಚಾಗಿ ಅಮೆರಿಕದ ಉದಾಹರಣೆ ತೆಗೆದುಕೊಳ್ಳುತ್ತೇನೆ. ಕಾರಣ ಸರಳ: ಈ ವಿಷಯಕ್ಕೆ ಕಾನೂನು, ಲೆಕ್ಕ, ವರದಿ, ಕಿತ್ತಾಟ ಎಲ್ಲವನ್ನೂ ಅವರಷ್ಟು ಬಹಿರಂಗವಾಗಿ ಬರೆದಿಟ್ಟವರು ಕಡಿಮೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಎಲ್ಲ ರಿಪೇರಿಯೂ ಈ ಜಗಳಕ್ಕೆ ಬರುವುದಿಲ್ಲ. ಆಯಿಲ್ ಬದಲಿಸುವುದು, ಫಿಲ್ಟರ್ ಹಾಕುವುದು, ಕೆಟ್ಟ ಪಂಪ್ ಕಿತ್ತು ಹೊಸದು ಕೂರಿಸುವುದು ಪಡೆಯ ಜೊತೆಗಿರುವ ಮೆಕ್ಯಾನಿಕ್‌ಗಳ ಕೆಲಸ. ಜಗಳ ಇರುವುದು ಅದರ ಮೇಲಿನ ಹಂತದಲ್ಲಿ: ವಿಮಾನವನ್ನು ಪೂರ್ತಿ ಬಿಚ್ಚಿ ರೆಕ್ಕೆಯ ಬಿರುಕು ಹುಡುಕುವುದು, ಜಲಾಂತರ್ಗಾಮಿಯನ್ನು ಡ್ರೈಡಾಕಿಗೆ, ಅಂದರೆ ನೀರು ಹೊರಹಾಕಿ ಒಣಗಿಸಬಹುದಾದ ಕಟ್ಟೆಗೆ, ತಂದು ಒಳಗಿನದನ್ನೆಲ್ಲ ಹೊರಗೆ ತೆಗೆಯುವುದು, ರಾಡಾರ್ ಬೋರ್ಡುಗಳನ್ನು ಒಂದೊಂದಾಗಿ ಪರೀಕ್ಷಿಸುವುದು. ಇದಕ್ಕೆ ದೊಡ್ಡ ಶೆಡ್ಡು, ವಿಶೇಷ ಯಂತ್ರ, ಹತ್ತಾರು ವರ್ಷದ ಕೈ ಅನುಭವ ಬೇಕು. ಇದನ್ನೇ ಡಿಪೋ ಮಟ್ಟದ ರಿಪೇರಿ ಅನ್ನುತ್ತಾರೆ.

ಖರ್ಚಿನ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಎಲ್ಲರೂ ಮೊದಲು ಕೇಳುವುದು ಅದನ್ನೇ, ಜಾಸ್ತಿ ಜನ ಎಡವುವುದೂ ಅಲ್ಲೇ.

ಒಂದು ಕಾಲ್ಪನಿಕ ಡಿಪೋ ತೆಗೆದುಕೊಳ್ಳಿ. ಕಟ್ಟಡ, ಕ್ರೇನು, ವಿದ್ಯುತ್ತು, ಕಾವಲು, ಕಚೇರಿ ಎಲ್ಲ ಸೇರಿ ವರ್ಷಕ್ಕೆ 10 ಕೋಟಿ ಡಾಲರ್ ಖರ್ಚು. ಕೆಲಸ ಇರಲಿ ಬಿಡಲಿ, ಇದು ಕಟ್ಟಬೇಕಾದ್ದೇ. ವರ್ಷಕ್ಕೆ 10 ಲಕ್ಷ ಗಂಟೆ ಕೆಲಸ ನಡೆಯುತ್ತದೆ. ಕೆಲಸಗಾರನಿಗೆ ಗಂಟೆಗೆ 60 ಡಾಲರ್. ಹಾಗಾದರೆ ಡಿಪೋದ ಒಟ್ಟು ಖರ್ಚು 16 ಕೋಟಿ, ಒಂದು ಗಂಟೆಯ ದರ 160 ಡಾಲರ್.

ಈಗ ಒಂದು ಕಂಪನಿ ಬಂದು, ಇದರಲ್ಲಿ 4 ಲಕ್ಷ ಗಂಟೆಯ ಕೆಲಸ ನಮಗೆ ಕೊಡಿ, ಗಂಟೆಗೆ 150ಕ್ಕೆ ಮಾಡುತ್ತೇವೆ ಅನ್ನುತ್ತದೆ. ಕಾಗದದ ಮೇಲೆ ಗಂಟೆಗೆ 10 ಡಾಲರ್ ಉಳಿತಾಯ, ಒಟ್ಟು 40 ಲಕ್ಷ ಡಾಲರ್. ಸಹಿ ಹಾಕಿದವರಿಗೆ ಶಹಬ್ಬಾಸ್‌ಗಿರಿ.

ವರ್ಷದ ಕೊನೆಗೆ ಏನಾಯಿತು ನೋಡಿ. ಕಂಪನಿಗೆ ಕೊಟ್ಟದ್ದು 6 ಕೋಟಿ. ಡಿಪೋದಲ್ಲಿ ಉಳಿದ 6 ಲಕ್ಷ ಗಂಟೆಗೆ ಕೂಲಿ 3.6 ಕೋಟಿ. ಆದರೆ ಕಟ್ಟಡ, ಕ್ರೇನು, ಕಾವಲಿನ 10 ಕೋಟಿ ಹಾಗೇ ಇದೆ. ಕೂಡಿದರೆ 19.6 ಕೋಟಿ. ಉಳಿತಾಯ ಮಾಡಲು ಹೋಗಿ 3.6 ಕೋಟಿ ಹೆಚ್ಚು ಕೊಟ್ಟಂತಾಯಿತು. ಅಷ್ಟೇ ಅಲ್ಲ. ಡಿಪೋದ ಗಂಟೆ ದರ ಈಗ 160ರಿಂದ ಸುಮಾರು 227ಕ್ಕೆ ಏರಿದೆ. ಮುಂದಿನ ವರ್ಷ ಯಾರಾದರೂ ಆ ದರ ನೋಡಿ, "ಅಬ್ಬಾ, ಸರ್ಕಾರಿ ಡಿಪೋ ಎಷ್ಟು ದುಬಾರಿ!" ಅಂತ ಇನ್ನಷ್ಟು ಕೆಲಸ ಹೊರಗೆ ಕಳಿಸುತ್ತಾರೆ. ದರ ಮತ್ತೆ ಏರುತ್ತದೆ.

ಈ ಲೆಕ್ಕ ತಲೆಕೆಳಗಾಗಬೇಕಾದರೆ ಒಂದೇ ದಾರಿ: ಆ 10 ಕೋಟಿಯನ್ನೂ ನಿಜವಾಗಿ ಕಡಿಮೆ ಮಾಡಬೇಕು. ಅಂದರೆ ಶೆಡ್ಡು ಮುಚ್ಚಬೇಕು, ಕ್ರೇನು ಮಾರಬೇಕು, ಜನರನ್ನು ಮನೆಗೆ ಕಳಿಸಬೇಕು. ಇದನ್ನು ಮಾಡುವ ಧೈರ್ಯ ಯಾವ ರಾಜಕಾರಣಿಗೂ ಸುಲಭಕ್ಕೆ ಬರುವುದಿಲ್ಲ.

1995ರಲ್ಲಿ ಆಗಿದ್ದು ಇದೇ. ಆಗ ಅಮೆರಿಕದ ವಾಯುಪಡೆಗೆ ದೊಡ್ಡ ರಿಪೇರಿ ಕೇಂದ್ರಗಳು 5 ಇದ್ದವು. ಶೀತಲ ಸಮರ ಮುಗಿದಿತ್ತು, ಐದೂ ಅರ್ಧಂಬರ್ಧ ಖಾಲಿ. ಐದನ್ನೂ ಸ್ವಲ್ಪ ಸ್ವಲ್ಪ ಚಿಕ್ಕದು ಮಾಡೋಣ ಅಂತ ವಾಯುಪಡೆ ಹೇಳಿತು. ಸೇನಾನೆಲೆ ಮುಚ್ಚುವ ಆಯೋಗ ಒಪ್ಪಲಿಲ್ಲ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿದ್ದ ಕೆಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿದ್ದ ಮೆಕ್ಲೆಲನ್ ಎರಡನ್ನೂ ಪೂರ್ತಿ ಮುಚ್ಚಿ ಅಂದಿತು. ಮುಂದಿನ ವರ್ಷವೇ ಅಧ್ಯಕ್ಷರ ಚುನಾವಣೆ. ಎರಡೂ ಮತಗಳ ರಾಶಿ ಇರುವ ರಾಜ್ಯಗಳು. ಅಧ್ಯಕ್ಷ ಕ್ಲಿಂಟನ್ ಒಂದು ಮಧ್ಯದ ದಾರಿ ಹಿಡಿದರು: ನೆಲೆ ಮುಚ್ಚುತ್ತೇವೆ, ಆದರೆ ಕೆಲಸ ಅಲ್ಲೇ, ಅದೇ ಶೆಡ್ಡಿನಲ್ಲಿ, ಖಾಸಗಿ ಕಂಪನಿಯ ಹೆಸರಿನಲ್ಲಿ ಮುಂದುವರಿಯಲಿ.

ಕೇಳಲು ಚೆನ್ನಾಗಿದೆ. ಆದರೆ ಮೇಲಿನ ಲೆಕ್ಕ ನೆನಪಿದೆ ಅಲ್ವಾ? ಕೆಲಸ ಅಲ್ಲೇ ಉಳಿದರೆ ಉಳಿದ 3 ಕೇಂದ್ರಗಳು ಖಾಲಿ ಹೊಡೆಯುತ್ತಲೇ ಇರುತ್ತವೆ. ಆ ಕೆಲಸವನ್ನು ಅಲ್ಲಿಗೆ ಒಯ್ದರೆ ಅಲ್ಲಿನ ಗಂಟೆ ದರ ಇಳಿಯುತ್ತದೆ. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಇದನ್ನೇ ಹೇಳುತ್ತ ಬಂತು. ಒಹಾಯೋದ ನ್ಯೂವರ್ಕ್ ವಾಯುನೆಲೆಯಲ್ಲಿ ಕ್ಷಿಪಣಿ, ವಿಮಾನಗಳ ದಿಕ್ಕು ತೋರಿಸುವ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ ಘಟಕವನ್ನು 1996ರಲ್ಲಿ ಹೀಗೇ ಇದ್ದಲ್ಲೇ ಖಾಸಗಿಗೆ ಒಪ್ಪಿಸಿದ್ದರು. ಅಂದುಕೊಂಡ ಉಳಿತಾಯ ಅಲ್ಲಿ ಬರಲಿಲ್ಲ, ಖರ್ಚು ಏರಿತು ಅಂತ ಅದೇ ಸಂಸ್ಥೆಯ ಪರಿಶೀಲನೆ ಹೇಳಿತು.

ಕೊನೆಗೆ ಟೆಂಡರ್ ಕರೆದರು. ಸರ್ಕಾರಿ ಡಿಪೋಗಳೂ ಖಾಸಗಿ ಕಂಪನಿಗಳೂ ಒಂದೇ ಟೆಂಡರಿಗೆ ಬೆಲೆ ಹಾಕಬಹುದು. ಕೆಲ್ಲಿಯಲ್ಲಿ ನಡೆಯುತ್ತಿದ್ದ ಸಿ-5 ಸಾಗಣೆ ವಿಮಾನಗಳ ರಿಪೇರಿಯನ್ನು 1997ರಲ್ಲಿ ಗೆದ್ದದ್ದು ಜಾರ್ಜಿಯಾದ ವಾರ್ನರ್ ರಾಬಿನ್ಸ್. ಅಂದರೆ ಸರ್ಕಾರಿ ಡಿಪೋ.

ಹಾಗಂತ ಇಂಥ ಟೆಂಡರು ಪೂರ್ತಿ ನ್ಯಾಯದ ಆಟ ಅಂತ ನನಗೆ ಅನ್ನಿಸುವುದಿಲ್ಲ. ಕಂಪನಿ ತೀರಾ ಕಡಿಮೆ ಬೆಲೆ ಹಾಕಿ ಗೆದ್ದು ಕೈ ಸುಟ್ಟುಕೊಂಡರೆ ಅದರ ಷೇರುದಾರರಿಗೆ ನಷ್ಟ. ಸರ್ಕಾರಿ ಡಿಪೋ ಹಾಗೆ ಕೈ ಸುಟ್ಟುಕೊಂಡರೆ ತೆರಿಗೆ ಕಟ್ಟುವವರು ತುಂಬಿಕೊಡುತ್ತಾರೆ. ಡಿಪೋಗೆ ದಿವಾಳಿಯ ಭಯ ಇಲ್ಲ. ಪಿಂಚಣಿ, ಭೂಮಿಯ ಬೆಲೆ, ವಿಮೆ ಇವೆಲ್ಲ ಅದರ ಪುಸ್ತಕದಲ್ಲಿ ಪೂರ್ತಿ ಕಾಣುವುದೂ ಇಲ್ಲ. ಇತ್ತ ಕಂಪನಿಯೂ ಮೊದಲ ಗುತ್ತಿಗೆಯನ್ನು ಅಗ್ಗಕ್ಕೆ ಹಿಡಿದು, ಎದುರಾಳಿಗಳು ಅಂಗಡಿ ಮುಚ್ಚಿದ ಮೇಲೆ ಎರಡನೇ ಗುತ್ತಿಗೆಯಲ್ಲಿ ವಸೂಲಿ ಮಾಡಬಹುದು.

ದುಡ್ಡಿನ ಲೆಕ್ಕ ಇಷ್ಟು ಜಾರುವುದರಿಂದಲೇ ಅಮೆರಿಕದ ಸಂಸತ್ತು ಅದನ್ನು ನಂಬಿ ಕೂರಲಿಲ್ಲ. ಎರಡು ಗೆರೆ ಎಳೆಯಿತು.

ಒಂದನೆಯದು ಐವತ್ತು-ಐವತ್ತರ ನಿಯಮ. ಭೂಸೇನೆ, ನೌಕಾಪಡೆ, ವಾಯುಪಡೆ ಪ್ರತಿಯೊಂದೂ ಡಿಪೋ ಮಟ್ಟದ ರಿಪೇರಿಗೆ ವರ್ಷಕ್ಕೆ ಸಿಕ್ಕ ಹಣದಲ್ಲಿ ಶೇ 50ಕ್ಕಿಂತ ಹೆಚ್ಚನ್ನು ಖಾಸಗಿಗೆ ಕೊಡುವಂತಿಲ್ಲ. ಮೊದಲು ಈ ಮಿತಿ ಶೇ 40 ಇತ್ತು, 1997ರ ಕೊನೆಯಲ್ಲಿ 50 ಆಯಿತು. ಯಾಕೆ 50, ಯಾಕೆ 45 ಅಲ್ಲ? ಯಾವ ಎಂಜಿನಿಯರೂ ಕೂತು ಲೆಕ್ಕ ಹಾಕಿ ಬಂದ ಅಂಕಿ ಅಲ್ಲ ಇದು. ಡಿಪೋಗಳಿರುವ ಊರುಗಳ ಸಂಸದರ ಒಂದು ಗುಂಪೇ ಅಲ್ಲಿದೆ. ಕಂಪನಿಗಳಿರುವ ಊರುಗಳ ಸಂಸದರೂ ಇದ್ದಾರೆ. ಹಗ್ಗಜಗ್ಗಾಟದಲ್ಲಿ ಹಗ್ಗ ನಿಂತ ಜಾಗ 50.

ಗೆರೆ ಎಳೆದರೆ ಗೆರೆಯ ಸುತ್ತ ಜಾಣತನವೂ ಹುಟ್ಟುತ್ತದೆ. ಯಂತ್ರದ ಸಾಮರ್ಥ್ಯ ಹೆಚ್ಚಿಸುವ ದೊಡ್ಡ ಮಾರ್ಪಾಡು ಈ ಲೆಕ್ಕಕ್ಕೆ ಬರುವುದಿಲ್ಲ. ವಿಮಾನವಾಹಕ ಹಡಗಿಗೆ ಪರಮಾಣು ಇಂಧನ ತುಂಬುವ ಕೆಲಸವನ್ನೂ ಹೊರಗಿಟ್ಟಿದ್ದಾರೆ. ಒಪ್ಪಂದದ ಮೇಲೆ ಕಂಪನಿಯ ಜನ ಸರ್ಕಾರಿ ಡಿಪೋದ ಗೇಟಿನ ಒಳಗೆ ಬಂದು ಮಾಡಿದ ಕೆಲಸವನ್ನೂ ಖಾಸಗಿ ಪಾಲಿಗೆ ಸೇರಿಸದೆ ಬಿಡಬಹುದು. ಅದೇ ನಟ್ಟು, ಅದೇ ಬೋಲ್ಟು. ಗೇಟಿನ ಒಳಗೋ ಹೊರಗೋ ಅನ್ನುವುದರ ಮೇಲೆ ಲೆಕ್ಕ ಬದಲು. ಇಷ್ಟೆಲ್ಲ ಇದ್ದೂ 2000ದ ಸುಮಾರಿಗೆ ವಾಯುಪಡೆಗೆ ಗೆರೆಯೊಳಗೆ ನಿಲ್ಲಲು ಆಗಲಿಲ್ಲ. ದೇಶದ ಭದ್ರತೆಯ ಕಾರಣ ಕೊಟ್ಟು ವಿನಾಯಿತಿ ತೆಗೆದುಕೊಂಡಿತು.

ಎರಡನೆಯ ಗೆರೆ ನನಗೆ ಹೆಚ್ಚು ಅರ್ಥವುಳ್ಳದ್ದು ಅನ್ನಿಸುತ್ತದೆ. ಯುದ್ಧಕ್ಕೆ, ತುರ್ತಿಗೆ ಬೇಕೇ ಬೇಕಾದ ರಿಪೇರಿ ಕೌಶಲವನ್ನು ಸರ್ಕಾರದ ಜಾಗದಲ್ಲಿ, ಸರ್ಕಾರದ ಯಂತ್ರಗಳಿಂದ, ಸರ್ಕಾರಿ ನೌಕರರ ಕೈಯಲ್ಲೇ ಉಳಿಸಿಕೊಳ್ಳಬೇಕು. ಇದಕ್ಕೆ ತಿರುಳಿನ ಸಾಮರ್ಥ್ಯ ಅನ್ನಬಹುದು. ಹೊಸ ಆಯುಧ ಬಳಕೆಗೆ ಬಂದ 4 ವರ್ಷದೊಳಗೆ ಆ ಸಾಮರ್ಥ್ಯ ಡಿಪೋದಲ್ಲಿ ಸಿದ್ಧವಾಗಿರಬೇಕು ಅನ್ನುತ್ತದೆ ಕಾನೂನು. ಎಲ್ಲ ಕೆಲಸವನ್ನೂ ಸರ್ಕಾರವೇ ಮಾಡಲಿ ಅಂತಲ್ಲ. ಕೈ ಮರೆಯದಷ್ಟು ಕೆಲಸ ಇರಲಿ ಅಂತ.

ಇದು ಯಾಕೆ ಮುಖ್ಯ ಅನ್ನುವುದಕ್ಕೆ 1942ರ ಮೇ ತಿಂಗಳ ಒಂದು ಘಟನೆ ಹೇಳಬೇಕು. ಕೋರಲ್ ಸಮುದ್ರದ ಯುದ್ಧದಲ್ಲಿ ಯಾರ್ಕ್‌ಟೌನ್ ಅನ್ನುವ ವಿಮಾನವಾಹಕ ಹಡಗಿನ ಡೆಕ್ಕು ಸೀಳಿ ಬಾಂಬು ಒಳಗೆ ಸಿಡಿದಿತ್ತು. ಪೂರ್ತಿ ಸರಿಯಾಗಲು 3 ತಿಂಗಳು ಬೇಕು ಅಂತ ಅಂದಾಜು. ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಕಡೆಗೆ ಜಪಾನಿನ ಪಡೆ ಹೊರಟಿದೆ ಅಂತ ಗೊತ್ತಿದ್ದ ಅಡ್ಮಿರಲ್ ನಿಮಿಟ್ಜ್ ಕೊಟ್ಟದ್ದು 3 ದಿನ. ಪರ್ಲ್ ಹಾರ್ಬರಿನ ನೌಕಾಪಡೆಯ ಹಡಗುಕಟ್ಟೆಯಲ್ಲಿ ಸುಮಾರು 1,400 ಕೆಲಸಗಾರರು ಹಗಲು ರಾತ್ರಿ ಹತ್ತಿಕೊಂಡರು. ಅಚ್ಚುಕಟ್ಟು ನೋಡಲು ಪುರುಸೊತ್ತಿರಲಿಲ್ಲ, ಯುದ್ಧಕ್ಕೆ ಬೇಕಾದಷ್ಟಕ್ಕೆ ಬೆಸುಗೆ ಹಾಕಿದರು. ಮೇ 27ಕ್ಕೆ ಬಂದರಿಗೆ ಬಂದಿದ್ದ ಹಡಗು ಮೇ 30ಕ್ಕೆ ಹೊರಟಿತು. ಮಿಡ್‌ವೇಯಲ್ಲಿ ಅದು ಮುಳುಗಿತು, ನಿಜ. ಆದರೆ ಅದರಿಂದ ಹಾರಿದ ವಿಮಾನಗಳು ಆ ಯುದ್ಧದ ಗತಿ ಬದಲಿಸಿದವುಗಳಲ್ಲಿ ಸೇರಿದ್ದವು.

ಇಲ್ಲಿ ಯಾರೂ ಗುತ್ತಿಗೆ ತಿದ್ದುಪಡಿ ಬರೆಯಲಿಲ್ಲ, ಹೆಚ್ಚುವರಿ ಕೆಲಸಕ್ಕೆ ಎಷ್ಟು ಅಂತ ಚೌಕಾಶಿ ಮಾಡಲಿಲ್ಲ. ಸರ್ಕಾರಿ ಕಟ್ಟೆಯಿಂದ ದೇಶ ಕೊಳ್ಳುವುದು ಇದನ್ನು: ಬೇಕೆಂದಾಗ ಎಲ್ಲ ಬಿಟ್ಟು ಇದನ್ನು ಮಾಡು ಅನ್ನುವ ಹಕ್ಕು. ಉಳಿದ ವರ್ಷಗಳಲ್ಲಿ ಖಾಲಿ ಕಾಣುವ ಶೆಡ್ಡು ಆ ಹಕ್ಕಿನ ಬಾಡಿಗೆ. ಅಮೆರಿಕದಲ್ಲಿ ಫೆಡರಲ್ ನೌಕರರು ಮುಷ್ಕರ ಹೂಡುವಂತಿಲ್ಲ ಅನ್ನುವುದೂ ಇದರ ಜೊತೆಗೆ ಬರುತ್ತದೆ.

ಆದರೆ ಹಳೆಯ ಶೌರ್ಯದ ಕತೆ ಹೇಳಿ ಇವತ್ತಿನ ಸ್ಥಿತಿ ಮುಚ್ಚಿಡಲಾಗದು. ಅದೇ ಪರ್ಲ್ ಹಾರ್ಬರ್ ಸೇರಿ ಅಮೆರಿಕದ ನೌಕಾಪಡೆಗೆ ಸ್ವಂತದ 4 ಹಡಗುಕಟ್ಟೆಗಳಿವೆ. 2015ರಿಂದ 2019ರವರೆಗೆ ಅಲ್ಲಿ ನಡೆದ ವಿಮಾನವಾಹಕ, ಜಲಾಂತರ್ಗಾಮಿಗಳ 51 ರಿಪೇರಿಗಳಲ್ಲಿ 38 ತಡವಾಗಿ ಮುಗಿದವು. ತಡವಾದ ದಿನಗಳನ್ನು ಕೂಡಿದರೆ 7,424.

ಬಾಯ್ಸಿ ಅನ್ನುವ ಜಲಾಂತರ್ಗಾಮಿಯದು ಇನ್ನೂ ಬೇಸರದ ಕತೆ. 2015ರಲ್ಲಿ ಕೊನೆಯ ಗಸ್ತು ಮುಗಿಸಿ ಬಂತು. ದೊಡ್ಡ ರಿಪೇರಿಗೆ ಸರದಿ ಬರಲಿಲ್ಲ. ಸರ್ಕಾರಿ ಕಟ್ಟೆಗಳು ಅದಕ್ಕಿಂತ ಮುಖ್ಯವಾದ ಹಡಗುಗಳಿಂದ ತುಂಬಿದ್ದವು. 2017ರಲ್ಲಿ ಮುಳುಗುವ ಅನುಮತಿಯೂ ಹೋಯಿತು. ಮುಳುಗಲಾರದ ಜಲಾಂತರ್ಗಾಮಿ! ಹಾಗಾದರೆ ಖಾಸಗಿಗೆ ಕೊಡಬಹುದಿತ್ತಲ್ಲ? ಕೊಟ್ಟರು. ಆದರೆ ಹೊಸ ಜಲಾಂತರ್ಗಾಮಿ ಕಟ್ಟುವ ಖಾಸಗಿ ಕಟ್ಟೆಗೆ ಹಳೆಯದನ್ನು ಬಿಚ್ಚಿ ಜೋಡಿಸುವ ಅಭ್ಯಾಸ ತಪ್ಪಿತ್ತು. ಕಟ್ಟುವುದು ಬೇರೆ ಕೈ, ಬಿಚ್ಚುವುದು ಬೇರೆ ಕೈ. ಪೂರ್ತಿ ರಿಪೇರಿಯ ಸುಮಾರು 120 ಕೋಟಿ ಡಾಲರಿನ ಗುತ್ತಿಗೆಗೆ ಸಹಿ ಬಿದ್ದದ್ದು 2024ರಲ್ಲಿ, ಮುಗಿಯುವುದು 2029ಕ್ಕೆ ಅಂತ ಆಗಿನ ಲೆಕ್ಕ. ಇಲ್ಲಿ ಸರ್ಕಾರಿಯೂ ಸೋತಿತು, ಖಾಸಗಿಯೂ ಸೋತಿತು. ಎರಡೂ ಕಡೆ ಹೆಚ್ಚುವರಿ ಸಾಮರ್ಥ್ಯ ಇರಲಿಲ್ಲ, ಅಷ್ಟೇ.

ಬ್ರಿಟನ್ ಬೇರೆ ದಾರಿ ಹಿಡಿಯಿತು. ಡೆವನ್‌ಪೋರ್ಟ್, ರೊಸೈತ್ ಹಡಗುಕಟ್ಟೆಗಳನ್ನು 1987ರಲ್ಲಿ ಖಾಸಗಿ ಆಡಳಿತಕ್ಕೆ ಕೊಟ್ಟು, 1997ರಲ್ಲಿ ಮಾರಿಯೇ ಬಿಟ್ಟಿತು. ಸೇನೆಯ ವಾಹನ ರಿಪೇರಿ ಮಾಡುವ ಸರ್ಕಾರಿ ಸಂಸ್ಥೆಯನ್ನು 2015ರಲ್ಲಿ ಬ್ಯಾಬ್‌ಕಾಕ್ ಕಂಪನಿಗೆ 14 ಕೋಟಿ ಪೌಂಡಿಗೆ ಕೊಟ್ಟಿತು. ಎರಡೂ ಹಡಗುಕಟ್ಟೆಗಳು ಈಗ ಇರುವುದು ಅದೇ ಬ್ಯಾಬ್‌ಕಾಕ್ ಕೈಯಲ್ಲಿ. ಪರಮಾಣು ಜಲಾಂತರ್ಗಾಮಿಯ ದೊಡ್ಡ ರಿಪೇರಿಗೆ ಡೆವನ್‌ಪೋರ್ಟ್ ಬಿಟ್ಟರೆ ಬ್ರಿಟನ್ನಿಗೆ ಗತಿ ಇಲ್ಲ. ಬಾಗಿಲಿನ ಫಲಕ ಬದಲಾದರೆ ಪೈಪೋಟಿ ಹುಟ್ಟುವುದಿಲ್ಲ. ಒಂದೇ ಅಂಗಡಿ ಇರುವ ಬೀದಿಯಲ್ಲಿ ಅಂಗಡಿ ಯಾರದ್ದಾದರೇನು?

ಹಾಗಾದರೆ ಖಾಸಗಿ ಎಲ್ಲಿ ನಿಜವಾಗಿ ಗೆಲ್ಲುತ್ತದೆ? ಅದೇ ಯಂತ್ರ ಹೊರಗಿನ ಮಾರುಕಟ್ಟೆಯಲ್ಲೂ ಓಡುತ್ತಿದ್ದರೆ. ಅಮೆರಿಕದ ವಾಯುಪಡೆಯ ಕೆಸಿ-10 ಇಂಧನ ತುಂಬುವ ವಿಮಾನ ಡಿಸಿ-10 ಪ್ರಯಾಣಿಕ ವಿಮಾನದಿಂದ ಬಂದದ್ದು. ಜಗತ್ತಿನ ಹತ್ತಾರು ಕಡೆ ಅದನ್ನು ಬಲ್ಲವರಿದ್ದರು. ಹಾಗಾಗಿ ಮೊದಲಿನಿಂದಲೂ ಗುತ್ತಿಗೆದಾರರೇ ನೋಡಿಕೊಂಡರು. ಅಂಥದ್ದಕ್ಕೆ ಸುಮ್ನೆ ಸ್ವಂತ ಶೆಡ್ಡು ಕಟ್ಟುವುದು ದಂಡ. ಕಾನೂನು ಕೂಡ ಮಾರುಕಟ್ಟೆಯ ಸಾಮಾನ್ಯ ವಸ್ತುಗಳನ್ನು ತಿರುಳಿನ ಪಟ್ಟಿಯಿಂದ ಹೊರಗಿಡುತ್ತದೆ. ಹತ್ತಿಪ್ಪತ್ತೇ ಇರುವ ವಿಚಿತ್ರ ಯಂತ್ರ, ಎರಡು ವರ್ಷಕ್ಕೆ ಬದಲಾಗುವ ಎಲೆಕ್ಟ್ರಾನಿಕ್ಸ್ ಇವೂ ತಯಾರಕನ ಹತ್ತಿರವೇ ಇರುವುದು ಒಳ್ಳೆಯದು.

ಕೆಲವು ಗುತ್ತಿಗೆಗಳಲ್ಲಿ ರಿಪೇರಿಗೆ ದುಡ್ಡು ಕೊಡುವುದನ್ನೇ ಬಿಟ್ಟು, ಯಂತ್ರ ಕೆಲಸಕ್ಕೆ ಸಿದ್ಧವಾಗಿದ್ದ ಗಂಟೆಗಳಿಗೆ ದುಡ್ಡು ಕೊಡುತ್ತಾರೆ. ಕೆಟ್ಟಷ್ಟೂ ಲಾಭ ಅನ್ನುವುದು ತಪ್ಪಿ, ಕೆಡದಿದ್ದರೆ ಲಾಭ ಅನ್ನುವಂತಾಗುತ್ತದೆ. ಉಪಾಯ ಒಳ್ಳೆಯದು. ಆದರೆ "ಸಿದ್ಧ" ಅಂದರೆ ಏನು ಅಂತ ಬರೆಯುವವನ ಪೆನ್ನಿನಲ್ಲಿದೆ ಎಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಿಜವಾದ ನಿರ್ಧಾರ ಆಗುವ ಜಾಗಕ್ಕೆ ನಾನಿನ್ನೂ ಬಂದಿಲ್ಲ. ಯಂತ್ರ ಕೆಟ್ಟ ದಿನ ಸರ್ಕಾರಿಯೋ ಖಾಸಗಿಯೋ ಅಂತ ಕೇಳಿದರೆ ಬಹಳ ತಡ. ಯಂತ್ರ ಕೊಂಡ ದಿನವೇ ಅದು ತೀರ್ಮಾನ ಆಗಿಹೋಗಿರುತ್ತದೆ. ಡ್ರಾಯಿಂಗು, ಅಳತೆ, ಪರೀಕ್ಷೆಯ ಸಾಫ್ಟ್‌ವೇರು, ರಿಪೇರಿ ವಿಧಾನದ ಪುಸ್ತಕ, ಇವುಗಳ ಮೇಲಿನ ಹಕ್ಕು ಯಾರದ್ದು ಅನ್ನುವುದರಲ್ಲಿ ಎಲ್ಲ ಅಡಗಿದೆ.

ಎಫ್-35 ಯುದ್ಧವಿಮಾನ ನೋಡಿ. ಈ ತಾಂತ್ರಿಕ ಮಾಹಿತಿಯಲ್ಲಿ ಬಹುಪಾಲನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ. ಆಗ ಅದು ಉಳಿತಾಯದಂತೆ ಕಂಡಿತು. ಲೆಕ್ಕಪರಿಶೋಧಕರು 2023ರಲ್ಲಿ ನೋಡಿದಾಗ, ಈ ವಿಮಾನದ ರಿಪೇರಿ ಸಾಮರ್ಥ್ಯವನ್ನು ಸರ್ಕಾರಿ ಡಿಪೋಗಳಲ್ಲಿ ಕಟ್ಟುವ ಕೆಲಸ ಯೋಜನೆಗಿಂತ 12 ವರ್ಷ ಹಿಂದೆ ಬಿದ್ದಿತ್ತು. ಆ ಮಾರ್ಚ್ ಹೊತ್ತಿಗೆ 10,000ಕ್ಕೂ ಹೆಚ್ಚು ಬಿಡಿಭಾಗಗಳು ರಿಪೇರಿಗೆ ಕಾಯುತ್ತಿದ್ದವು. ಯಾವುದೇ ಹೊತ್ತಿನಲ್ಲಿ ಹಾರಲು ಸಿದ್ಧವಿದ್ದದ್ದು ಶೇ 55ರಷ್ಟು ವಿಮಾನಗಳು. ಕಾನೂನಿನ 4 ವರ್ಷದ ಗಡುವು ಪುಸ್ತಕದಲ್ಲಿತ್ತು, ಡ್ರಾಯಿಂಗು ಕಂಪನಿಯ ಕಪಾಟಿನಲ್ಲಿತ್ತು.

ಇದನ್ನೇ ಇನ್ನೂ ಹತ್ತಿರದಿಂದ ನೋಡಬೇಕೆಂದರೆ ಒಂದು ತಿರುಗುಗುಂಡಿಯ ಕತೆ ಇದೆ. ಬ್ಲ್ಯಾಕ್‌ಹಾಕ್ ಹೆಲಿಕಾಪ್ಟರಿನ ಪರದೆಯೊಂದಕ್ಕೆ ಇರುವ ಪುಟ್ಟ ಗುಂಡಿ, ಬೆರಳಲ್ಲಿ ಹಿಡಿದು ತಿರುಗಿಸುವಂಥದ್ದು. ಅದು ಮುರಿದರೆ ಗುಂಡಿಯನ್ನಷ್ಟೇ ಕೊಳ್ಳಲು ಆಗುವುದಿಲ್ಲ, ಪೂರ್ತಿ ಜೋಡಣೆಯನ್ನೇ ಕೊಳ್ಳಬೇಕು, ಅದಕ್ಕೆ 47,000 ಡಾಲರ್. ನಾವೇ ಮಾಡಿಕೊಂಡರೆ 15 ಡಾಲರ್ ಅಂತ 2025ರಲ್ಲಿ ಅಮೆರಿಕದ ಭೂಸೇನೆಯೇ ಹೇಳಿತು. ಮಾಡುವ ಯಂತ್ರ ಇದೆ, ಮಾಡುವ ಕೈ ಇದೆ. ಹಕ್ಕು ಇಲ್ಲ.

ಕಂಪನಿಗಳ ಮಾತನ್ನೂ ಕೇಳಬೇಕು. ಆ ಡ್ರಾಯಿಂಗು ಅವರ ವರ್ಷಗಟ್ಟಲೆಯ ದುಡಿಮೆ, ಅವರದೇ ದುಡ್ಡಿನಿಂದ ಮಾಡಿದ್ದು ಎಷ್ಟೋ ಇರುತ್ತದೆ. ಸರ್ಕಾರಕ್ಕೆ ಕೊಟ್ಟರೆ ನಾಳೆ ಎದುರಾಳಿಯ ಕೈಗೆ ಹೋಗಬಹುದು. ಪುಕ್ಕಟೆ ಕೇಳುವುದು ನ್ಯಾಯವಲ್ಲ. ಆದರೆ ಬೆಲೆ ಕೇಳುವುದಕ್ಕೆ ಒಂದು ಹೊತ್ತಿದೆ. ಮೂರು ಕಂಪನಿಗಳು ಟೆಂಡರಿಗೆ ಕಾದು ಕೂತಿರುವಾಗ "ಡ್ರಾಯಿಂಗಿಗೆ ಎಷ್ಟು?" ಅಂದರೆ ಒಂದು ಬೆಲೆ. ಒಬ್ಬ ಗೆದ್ದು, 500 ವಿಮಾನ ಮಾರಿ, ಹತ್ತು ವರ್ಷ ಆದ ಮೇಲೆ ಹೋಗಿ ಕೇಳಿದರೆ ಅದೇ ಕಾಗದಕ್ಕೆ ಬೇರೆಯದೇ ಬೆಲೆ. ಮೊದಲ ದಿನ ಖರೀದಿ ಮಾಡುವ ಅಧಿಕಾರಿಗೆ ತನ್ನ ಬಜೆಟ್ಟಿನಲ್ಲಿ ವಿಮಾನಗಳ ಸಂಖ್ಯೆ ಕಾಣುತ್ತದೆ. 15 ವರ್ಷದ ಮೇಲೆ ಮುರಿಯುವ ಗುಂಡಿ ಕಾಣುವುದಿಲ್ಲ. ಆ ಹೊತ್ತಿಗೆ ಅವರು ನಿವೃತ್ತರಾಗಿರುತ್ತಾರೆ.

ಸೇನೆಗೆ ತನ್ನ ಯಂತ್ರವನ್ನು ತಾನೇ ರಿಪೇರಿ ಮಾಡುವ ಹಕ್ಕು ಕೊಡುವ ಕಲಮು 2025ರಲ್ಲಿ ಅಮೆರಿಕದ ಸಂಸತ್ತಿನ ಎರಡೂ ಸದನಗಳ ರಕ್ಷಣಾ ಮಸೂದೆಗಳಲ್ಲಿ ಬಂದಿತ್ತು. ಡಿಸೆಂಬರಿನಲ್ಲಿ ಎರಡನ್ನೂ ಸೇರಿಸಿ ಅಂತಿಮ ಪಠ್ಯ ಹೊರಬಿದ್ದಾಗ ಆ ಕಲಮು ಅದರಲ್ಲಿ ಇರಲಿಲ್ಲ.